ಕೆಲಸ ಗೋವಾದಲ್ಲಿ, ಲೆಕ್ಕ ಕರ್ನಾಟಕದಲ್ಲಿ

ಕೇಂದ್ರ ಸರ್ಕಾರದ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯ 2023–24ರ ವರದಿಯ ಪ್ರಕಾರ ಕರ್ನಾಟಕದ ನಿರುದ್ಯೋಗ ಪ್ರಮಾಣ ಶೇ 2.7. ಪಕ್ಕದ ಗೋವಾದ್ದು ಶೇ 8.5. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರು, ಗೋವಾದವರೇ ಕೆಲಸ ಹುಡುಕಿಕೊಂಡು ಮಾಜಾಳಿ ಗಡಿ ದಾಟಿ ಕಾರವಾರಕ್ಕೆ ಬರುತ್ತಿರಬೇಕು ಎಂದುಕೊಂಡಾರು. ನಡೆಯುತ್ತಿರುವುದು ಇದರ ತಿರುವುಮುರುವು. ಬೆಳಗಾದರೆ ಕಾರವಾರ, ಸದಾಶಿವಗಡ, ಅಂಕೋಲಾ ಕಡೆಯ ಹುಡುಗರು ರೈಲು, ಬಸ್ಸು, ಬೈಕು ಹಿಡಿದು ಹೊರಡುವುದು ಗೋವಾದ ಕಾಣಕೋಣಕ್ಕೆ, ಮಡಗಾಂವ್‌ಗೆ, ವೆರ್ಣಾ ಕೈಗಾರಿಕಾ ಪ್ರದೇಶಕ್ಕೆ. ನಿರುದ್ಯೋಗ ಮೂರು ಪಟ್ಟು ಇರುವ ರಾಜ್ಯಕ್ಕೆ ಕೆಲಸಕ್ಕಾಗಿ ಹೋಗುವ ಈ ವಿಚಿತ್ರವನ್ನು ಬಿಡಿಸಿ ನೋಡಿದರೆ, ಪ್ರಾದೇಶಿಕ ಅಸಮಾನತೆಯನ್ನು ನಾವು ಅಳೆಯುವ ಕೋಲಿನಲ್ಲೇ ಕೊರತೆ ಇರುವುದು ಕಾಣುತ್ತದೆ.

ಸಮೀಕ್ಷೆಯವರು ಬರುವುದು ಮನೆ ಬಾಗಿಲಿಗೆ. ಕಾಳಿ ನದಿ ದಂಡೆಯ ಕೋಡಿಬಾಗದ ಹುಡುಗನೊಬ್ಬ ವೆರ್ಣಾದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ರಾತ್ರಿ ಮನೆಗೆ ಬಂದರೆ, ಅವನು ಕರ್ನಾಟಕದ ಉದ್ಯೋಗಸ್ಥ. ಗೋವಾ ಕೊಟ್ಟ ಕೆಲಸದ ಶ್ರೇಯ ನಮ್ಮ ಖಾತೆಗೆ ಜಮೆಯಾಗುತ್ತದೆ. ಇನ್ನೊಂದು ಕೊರತೆ ವ್ಯಾಖ್ಯೆಯದು. ವರ್ಷದಲ್ಲಿ 30 ದಿನ ಉಪಕಸುಬು ಮಾಡಿದವರೂ, ಮನೆಯ ಕಸುಬಿಗೆ ಕೂಲಿಯಿಲ್ಲದೆ ಕೈಜೋಡಿಸಿದವರೂ ಇಲ್ಲಿ ಉದ್ಯೋಗಸ್ಥರೇ. ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಲಂಗರು ಹಾಕಿ ನಿಂತಿರುತ್ತವೆ. ಅವುಗಳ ಮೇಲೆ ದುಡಿಯುವವರು ವಾರ್ಷಿಕ ಲೆಕ್ಕದಲ್ಲಿ ಉದ್ಯೋಗಸ್ಥರಾಗಿಯೇ ಉಳಿಯುತ್ತಾರೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನೇ ನೆನೆಯಿರಿ. 2020ರ ಪದ್ಮಶ್ರೀಗೆ ಪಾತ್ರರಾದ ಹಾಲಕ್ಕಿ ಸಮುದಾಯದ ಆ ಮಹಿಳೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬೀಜ ಆಯ್ದು, ಪಾತಿ ಮಾಡಿ, ಸಸಿ ಬೆಳೆಸುತ್ತ ಮೂರು ದಶಕಗಳಷ್ಟು ಕಾಲ ದುಡಿದದ್ದು ದಿನಗೂಲಿಯಾಗಿ. ಕಾಯಂ ಆದದ್ದು ಆಮೇಲೆ. ನಿರುದ್ಯೋಗ ಪ್ರಮಾಣದ ಲೆಕ್ಕದಲ್ಲಿ ಆ ದಿನಗೂಲಿಯ ವರ್ಷಗಳಿಗೂ ಕಾಯಂ ನೌಕರಿಯ ವರ್ಷಗಳಿಗೂ ಭೇದವಿಲ್ಲ. ನಿರುದ್ಯೋಗಿ ಎನಿಸಿಕೊಳ್ಳಲು ಕೆಲಸ ಹುಡುಕುತ್ತ ಕಾಯುವ ತ್ರಾಣ ಬೇಕು. ಮನೆಯಲ್ಲಿ ಆದಾಯ ಇರುವ ಗೋವಾದ ಪದವೀಧರ ಸರ್ಕಾರಿ ನೌಕರಿಗಾಗಿ ಕಾಯಬಲ್ಲ. ಅಂಕೋಲಾದ ಕೂಲಿ ಮನೆತನಕ್ಕೆ ಆ ಅನುಕೂಲವಿಲ್ಲ, ಸಿಕ್ಕಿದ್ದನ್ನು ಮಾಡಲೇಬೇಕು. ಶೇ 2.7ರ ಹಿಂದೆ ಈ ಅನಿವಾರ್ಯವೂ ಸೇರಿದೆ.

ಇದಕ್ಕೆ ಆಕ್ಷೇಪಗಳಿವೆ. ಮಡಗಾಂವ್ ಕಾರವಾರದಿಂದ ಸುಮಾರು 70 ಕಿ.ಮೀ., ಬೆಂಗಳೂರು 500 ಕಿ.ಮೀ.ಗೂ ದೂರ, ಹತ್ತಿರದ ಪೇಟೆಗೆ ದುಡಿಯಲು ಹೋದರೆ ತಪ್ಪೇನು? ಮೇಲಾಗಿ ಕಾರವಾರದ ಪರ್ಸೀನ್ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್‌ನವರು ದುಡಿಯುತ್ತಿರುವಾಗ ಊರಲ್ಲಿ ಕೆಲಸವಿಲ್ಲ ಎನ್ನಬಹುದೇ? ಹೋಗುವುದು ತಪ್ಪಲ್ಲ. ಒಡಿಶಾದವ ಬೈತಖೋಲಕ್ಕೆ, ಕಾರವಾರದವ ವೆರ್ಣಾಕ್ಕೆ, ಗೋವಾದವ ಕೊಲ್ಲಿ ದೇಶಕ್ಕೋ ಲಂಡನ್ನಿಗೋ ಹೋಗುವುದು ಒಂದೇ ಏಣಿಯ ಮೆಟ್ಟಿಲುಗಳು. ಪ್ರತಿಯೊಬ್ಬರೂ ತಮ್ಮೂರಿಗಿಂತ ಹೆಚ್ಚಿನ ಸಂಬಳದ ಕಡೆ ಹೊರಟವರೇ. 2011ರ ಜನಗಣತಿಯಲ್ಲೇ ಶೇ 84ರಷ್ಟು ಸಾಕ್ಷರತೆ ಇದ್ದ ಉತ್ತರ ಕನ್ನಡ ಜಿಲ್ಲೆಯ ಮಕ್ಕಳು ಓದಿಗೆ ತಕ್ಕ ಕೆಲಸ ಬಯಸಿದರೆ ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಆದರೆ ಪರರಾಜ್ಯದ ರಸ್ತೆಯನ್ನೇ ನೆಚ್ಚಿದ ಅನ್ನ ಎಷ್ಟು ಅಭದ್ರ ಎಂಬುದನ್ನು 2020ರ ಲಾಕ್‌ಡೌನ್‌ನಲ್ಲಿ ಗಡಿ ಮುಚ್ಚಿದಾಗ ಕಂಡೆವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೆಯ ಸೇತುವೆಯೇ ಮುರಿದು ಬಿತ್ತು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ಗೋವಾದ ದಾರಿ ಉಳಿಯಿತು.

ದೊಡ್ಡ ಯೋಜನೆಗಳು ಬಂದಿವೆಯಲ್ಲ ಎನ್ನುವವರಿಗೆ ಉತ್ತರ ಅವುಗಳ ನೇಮಕಾತಿ ಕ್ರಮದಲ್ಲಿದೆ. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣುವಿದ್ಯುತ್ ಘಟಕಗಳಿವೆ. 1986ರಲ್ಲಿ ಶಿಲಾನ್ಯಾಸಗೊಂಡ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಕ್ಕೆ ಬಿಟ್ಟುಕೊಟ್ಟವು. ಕೇಂದ್ರ ಸಂಸ್ಥೆಗಳ ಮೇಲಿನ ಹುದ್ದೆಗಳಿಗೆ ನೇಮಕ ಅಖಿಲ ಭಾರತ ಮಟ್ಟದ್ದು. ಊರವರ ಪಾಲಿಗೆ ಹೆಚ್ಚಾಗಿ ಉಳಿಯುವುದು ಗುತ್ತಿಗೆ ಕೆಲಸ. ಅಂಕೋಲಾದ ಕೇಣಿಯಲ್ಲಿ 4,119 ಕೋಟಿ ರೂಪಾಯಿಯ ಬಂದರು ಯೋಜನೆಯನ್ನು ಮೀನುಗಾರರು ಪ್ರತಿಭಟಿಸುತ್ತಿರುವುದನ್ನು ಈ ಅನುಭವದ ಬೆಳಕಿನಲ್ಲೇ ನೋಡಬೇಕು. ಹಾಗಾದರೆ ಸ್ಥಳೀಯರಿಗೆ ಮೀಸಲಾತಿ ಕಾಯ್ದೆಯೇ ಮದ್ದೇ? 2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಅಂಥ ಮಸೂದೆಗೆ ಒಪ್ಪಿಗೆ ಕೊಟ್ಟು, ಒಂದೆರಡು ದಿನದಲ್ಲೇ ತಡೆಹಿಡಿಯಿತು. ಹರಿಯಾಣದ ಶೇ 75ರ ಕಾಯ್ದೆಯನ್ನು 2023ರಲ್ಲಿ ಹೈಕೋರ್ಟ್ ರದ್ದು ಮಾಡಿತ್ತು. ಅದಕ್ಕಿಂತ ಮುಖ್ಯವಾಗಿ, ಗೋವಾವೂ ಇದೇ ಕಾಯ್ದೆ ತಂದರೆ ಮೊದಲು ಮನೆಗೆ ಮರಳುವವರು ಕಾರವಾರದ ಕನ್ನಡಿಗರು. ಬೆಂಗಳೂರಿನಲ್ಲಿ ಹಿತವೆನಿಸುವ ಮದ್ದು ಮಾಜಾಳಿಯಲ್ಲಿ ವಿಷವಾದೀತು.

ಮೊದಲು ಸರಿಯಾಗಿ ಎಣಿಸೋಣ. 2025ರಿಂದ ಕಾರ್ಮಿಕ ಸಮೀಕ್ಷೆಯ ಮಾದರಿ ಆಯ್ಕೆಗೆ ಜಿಲ್ಲೆಯೇ ಮೂಲ ಘಟಕವಾಗಿರುವುದು ಒಳ್ಳೆಯ ಹೆಜ್ಜೆ, ಆದರೆ ಸಾಲದು. ಒಂದೇ ಜಿಲ್ಲೆಯೆಂದು ಶಿರಸಿಯ ಅಡಿಕೆ ತೋಟವನ್ನೂ ಕಾರವಾರದ ಬಂದರನ್ನೂ ಕೂಡಿಸಿ ಭಾಗಿಸಿದ ಸರಾಸರಿ ಎರಡಕ್ಕೂ ಸಲ್ಲದು. ತಾಲ್ಲೂಕನ್ನು ಅಳತೆಯ ಘಟಕ ಮಾಡಿಕೊಳ್ಳುವುದು ನಮಗೆ ಹೊಸತಲ್ಲ: ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದಿತ್ತು. 2011ರ ಜನಗಣತಿಯಲ್ಲಿ ಕೆಲಸಕ್ಕೆ ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತೀರಿ ಎಂದು ಕೇಳಿದ್ದರು. ಯಾವ ಊರಿಗೆ ಎಂದು ಕೇಳಲಿಲ್ಲ. 2027ರ ಗಣತಿಯಲ್ಲಿ ಅದೊಂದು ಪ್ರಶ್ನೆ ಸೇರಬೇಕು. ಅದಾಗದಿದ್ದರೆ ಗಡಿ ತಾಲ್ಲೂಕುಗಳಲ್ಲಾದರೂ ರಾಜ್ಯ ಸರ್ಕಾರ ತಾನೇ ಮನೆಮನೆಗೆ ಹೋಗಿ ಕೇಳಲಿ. ಜಿಲ್ಲೆಯ ಶಾಸಕರು, ಸಂಸದರು ಇದನ್ನು ಕೈಗೆತ್ತಿಕೊಳ್ಳುವಂತೆ ಓದುಗರು ಒತ್ತಾಯಿಸಬೇಕು.