ಒಂಟಿಯಾಗಿ ಬೆಳೆಯದ ಕೋಳಿ ರೋಗಾಣು

ಕೋಳಿಗೂ ನೆಗಡಿಯಾಗುತ್ತದೆ. ಮೂಗು ಸೋರುತ್ತದೆ, ಕಣ್ಣಿನ ಕೆಳಗೆ ಬಾವು ಬಂದು ಮುಖ ಊದಿಕೊಳ್ಳುತ್ತದೆ. ಬೇರೆ ಸೋಂಕು ಸೇರಿಕೊಳ್ಳದಿದ್ದರೆ ಸಾಯುವ ಕೋಳಿಗಳು ಕಡಿಮೆ. ಆದರೆ ಮೊಟ್ಟೆ ಇಳುವರಿ ಶೇ 10ರಿಂದ 40ರವರೆಗೆ ಕುಸಿಯಬಹುದು. ಸಾಲ ಮಾಡಿ ಲೇಯರ್ ಕೋಳಿ ಸಾಕಿದವರಿಗೆ ಇದೇನು ಸಣ್ಣ ಪೆಟ್ಟಲ್ಲ.

ಇನ್‌ಫೆಕ್ಷಿಯಸ್ ಕೊರೈಝಾ ಎಂಬ ಈ ಕಾಯಿಲೆಗೆ ಕಾರಣ ಏವಿಬ್ಯಾಕ್ಟೀರಿಯಂ ಪ್ಯಾರಾಗ್ಯಾಲಿನೇರಮ್ ಎಂಬ ಬ್ಯಾಕ್ಟೀರಿಯಾ. ನೆದರ್ಲೆಂಡ್ಸ್‌ನ ಡಿ ಬ್ಲಿಕ್ 1932ರಲ್ಲಿ ಇದನ್ನು ಬೇರ್ಪಡಿಸಿದರು. ಹೆಸರು ಹಲವು ಸಲ ಬದಲಾಗಿ ಈಗಿನದು ಅಂಟಿಕೊಂಡದ್ದು 2005ರಲ್ಲಿ. ಚಾಳಿ ಮಾತ್ರ ಬದಲಾಗಲಿಲ್ಲ: ಕೋಳಿಯ ಮೂಗಿನಲ್ಲಿ ಸೊಕ್ಕಿ ಬೆಳೆಯುವ ಇದು ಪ್ರಯೋಗಾಲಯದ ತಟ್ಟೆಗೆ ಬಂದೊಡನೆ ಮುಷ್ಕರ ಹೂಡುತ್ತದೆ.

ಕಾರಣ ಎನ್‌ಎಡಿ. ಜೀವಕೋಶಗಳ ಶಕ್ತಿ ವ್ಯವಹಾರಕ್ಕೆ ಅತ್ಯಗತ್ಯವಾದ ಈ ವಸ್ತುವನ್ನು ಹೆಚ್ಚಿನ ಬ್ಯಾಕ್ಟೀರಿಯಾಗಳು ತಾವೇ ತಯಾರಿಸಿಕೊಳ್ಳುತ್ತವೆ. ಇದಕ್ಕೆ ಆ ವಿದ್ಯೆ ಬಾರದು. ರಕ್ತ ಬೆರೆಸಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಕೊಟ್ಟರೂ ಸಾಲದು, ಏಕೆಂದರೆ ರಕ್ತದ ಎನ್‌ಎಡಿ ಕೆಂಪು ಕಣಗಳ ಒಳಗೇ ಬಂದಿಯಾಗಿರುತ್ತದೆ.

ಹಾಗಾಗಿ ತಜ್ಞರು ಅದಕ್ಕೊಬ್ಬ ದಾದಿಯನ್ನು ನೇಮಿಸುತ್ತಾರೆ. ಈಗಷ್ಟೇ ರೋಗ ಕಾಣಿಸಿಕೊಂಡ ಎರಡು ಮೂರು ಕೋಳಿಗಳನ್ನು ಆರಿಸಿ, ದಯಾಮರಣ ಕೊಟ್ಟು, ಕಣ್ಣಿನ ಕೆಳಗಿನ ಚರ್ಮವನ್ನು ಕಾಯಿಸಿದ ಸ್ಪ್ಯಾಚುಲಾದಿಂದ ಸುಡುತ್ತಾರೆ. ಮೇಲಿನ ಕೊಳೆಯ ಬ್ಯಾಕ್ಟೀರಿಯಾ ನುಸುಳಬಾರದಲ್ಲ! ಆಮೇಲೆ ಅಲ್ಲೇ ಕೊಯ್ದು, ಸೈನಸ್ ಕುಹರದ ಆಳಕ್ಕೆ ಸ್ವಾಬ್ ಇಳಿಸಿದರೆ ಅಲ್ಲಿ ರೋಗಾಣು ಬಹುಪಾಲು ಶುದ್ಧವಾಗಿ ಸಿಗುತ್ತದೆ. ಅದನ್ನು ರಕ್ತದ ಅಗರ್ ಮೇಲೆ ಸವರಿ, ಅಡ್ಡಲಾಗಿ ಸ್ಟ್ಯಾಫಿಲೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಒಂದು ಗೆರೆ ಎಳೆಯುತ್ತಾರೆ. ಇದೇ ದಾದಿ, ತಾನು ಬೆಳೆಯುತ್ತಾ ಸುತ್ತಲೂ ಎನ್‌ಎಡಿ ಸೂಸುತ್ತದೆ. ತಟ್ಟೆಗಳನ್ನು ಬಿಗಿ ಮುಚ್ಚಳದ ಜಾಡಿಯಲ್ಲಿಟ್ಟು ಮೇಣದಬತ್ತಿ ಹಚ್ಚಿ ಮುಚ್ಚಿದರೆ ಜ್ವಾಲೆ ತಾನಾಗಿ ಆರುವಷ್ಟರಲ್ಲಿ ಒಳಗಿನ ಇಂಗಾಲದ ಡೈಆಕ್ಸೈಡ್ ಏರಿರುತ್ತದೆ. ಮರುದಿನ 37 ಡಿಗ್ರಿ ಶಾಖದ ಪೆಟ್ಟಿಗೆಯಿಂದ ತೆಗೆದು ಬೆಳಕಿಗೆ ಹಿಡಿದರೆ, ದಾದಿಯ ಗೆರೆಗೆ ಒತ್ತಿಕೊಂಡಂತೆ ಇಬ್ಬನಿ ಹನಿಯಂಥ ಪುಟ್ಟ ಚುಕ್ಕಿಗಳು. ಅಗಲ 0.3 ಮಿಲಿಮೀಟರ್ ದಾಟದು. ಗೆರೆಯಿಂದ ದೂರದಲ್ಲಿ ಏನೂ ಇಲ್ಲ.

ಇಷ್ಟಾದರೂ ನಂಬುವಂತಿಲ್ಲ. 1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ದಾದಿಯ ಹಂಗಿಲ್ಲದ ತಳಿಗಳು ಸಿಕ್ಕಿ, ಹಳೆಯ ಲಕ್ಷಣವೊಂದನ್ನೇ ನೆಚ್ಚಿ ಕೂತವರು ಎಚ್ಚೆತ್ತುಕೊಳ್ಳಬೇಕಾಯಿತು.

ಈಗ ಪಿಸಿಆರ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ರೋಗಾಣುವಿನ ಗುರುತು ಹೇಳುತ್ತದೆ. ಹಾಗಿದ್ದ ಮೇಲೆ ಈ ಆರೈಕೆ ಏಕೆ? ಪಿಸಿಆರ್ ಜೀವಂತ ರೋಗಾಣುವನ್ನು ಕೈಗೆ ಕೊಡುವುದಿಲ್ಲ. ಯಾವ ಆಂಟಿಬಯಾಟಿಕ್‌ಗೆ ಅದು ಬಗ್ಗುತ್ತದೆ ಎಂದು ನೋಡಲು, ಲಸಿಕೆ ತಯಾರಿಸಲು ಬೆಳೆಸಲೇಬೇಕು. 1962ರಲ್ಲಿ ಪೇಜ್ ಎಂಬ ಸಂಶೋಧಕ ಈ ರೋಗಾಣುವಿನಲ್ಲಿ ಗುರುತಿಸಿದ ಎ, ಬಿ, ಸಿ ಬಗೆಗಳಲ್ಲಿ ಒಂದಕ್ಕೆ ಮಾಡಿದ ಲಸಿಕೆ ಇನ್ನೊಂದನ್ನು ತಡೆಯುತ್ತದೆ ಎಂಬ ಖಾತ್ರಿಯಿಲ್ಲ. ಲಸಿಕೆ ಹಾಕಿಸಿಯೂ ನೆಗಡಿ ಬಂತೆಂದರೆ ಮೊದಲು ಶಂಕಿಸಬೇಕಾದ್ದರಲ್ಲಿ ಬಗೆಗಳ ಈ ಹೊಂದಾಣಿಕೆಯಿಲ್ಲದಿರುವುದೂ ಒಂದು.

ಕರ್ನಾಟಕದ ಸಾಕಣೆದಾರರಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ. ಅಲ್ಲೇ ದಕ್ಷಿಣ ರಾಜ್ಯಗಳ ಪ್ರಾದೇಶಿಕ ರೋಗ ಪತ್ತೆ ಪ್ರಯೋಗಾಲಯವೂ ಇದೆ. ಕೋಳಿಗಳ ಮುಖ ಊದಿದ್ದು ಕಂಡರೆ ಸ್ಥಳೀಯ ಪಶುವೈದ್ಯರಿಗೆ ಅಂದೇ ತಿಳಿಸಿ, ಮಾದರಿ ತೆಗೆಯುವ ಮುನ್ನ ಔಷಧಿ ಕುಡಿಸಬೇಡಿ. ಔಷಧಿ ಬಿದ್ದ ಕೋಳಿಯಲ್ಲಿ ಈ ರೋಗಾಣುವನ್ನು ಬೆಳೆಸಿ ತೋರಿಸುವುದು ಬಹಳ ಕಷ್ಟ.