ದರ ಏರಿಸುವ ಮೊದಲು ಅಡಿಗೆಮನೆ ನೋಡೋಣ

(ಕಿದ್ವಾಯಿ ನಗರ, ನವದೆಹಲಿಯಿಂದ)



ಗ್ಯಾಸಿನ ಬೆಲೆ ಏರಿದಾಗಲೆಲ್ಲ ನಮ್ಮಲ್ಲಿ ನಡೆಯುವುದು ಒಂದೇ ಚರ್ಚೆ. ಇಡ್ಲಿಗೆ ಎಷ್ಟು ಏರಿಸೋಣ, ಕಾಫಿಗೆ ಎಷ್ಟು ಏರಿಸೋಣ? ಗಿರಾಕಿ ಒಂದು ಮಿತಿಯವರೆಗೆ ಸಹಿಸುತ್ತಾನೆ, ಆಮೇಲೆ ಪಕ್ಕದ ಅಂಗಡಿ ನೋಡುತ್ತಾನೆ. ನಾನು ಹೋಟೆಲ್ ನಡೆಸುವ ಕಿದ್ವಾಯಿ ನಗರ ಸರ್ಕಾರಿ ನೌಕರರ ಬಡಾವಣೆ. ಇಲ್ಲಿನವರು ತಿಂಗಳ ಸಂಬಳದ ಜನ, ಲೆಕ್ಕ ನೋಡಿ ತಿನ್ನುವವರು. ಗ್ಯಾಸಿನ ದರ ನಮ್ಮ ಕೈಯಲ್ಲಿಲ್ಲ. ಆದರೆ ಎಷ್ಟು ಗ್ಯಾಸು ಉರಿಯಬೇಕು, ಮೀಟರು ಎಷ್ಟು ಓಡಬೇಕು ಎಂಬುದು ನಮ್ಮ ಕೈಯಲ್ಲೇ ಇದೆ.

ಸಿಲಿಂಡರಿನ ತಳದಲ್ಲಿರುವ ದುಡ್ಡು

ನಮ್ಮ ವಾಣಿಜ್ಯ ಸಿಲಿಂಡರಿನಲ್ಲಿ 19 ಕೆ.ಜಿ. ಗ್ಯಾಸು ಇರುತ್ತದೆ. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ವಾಪಸು ಕಳಿಸುವ ಮೊದಲು ಒಮ್ಮೆ ತಕ್ಕಡಿಯ ಮೇಲೆ ಇಟ್ಟು ನೋಡಿ. 2 ಕೆ.ಜಿ. ಉಳಿದಿದ್ದರೆ, ಕೊಟ್ಟ ದುಡ್ಡಿನಲ್ಲಿ ನೂರಕ್ಕೆ ಹತ್ತು ರೂಪಾಯಿ ವಾಪಸು ಕಳಿಸಿದಂತೆ.

ಇದು ಚಳಿಗಾಲದಲ್ಲಿ ಹೆಚ್ಚು. ಸಿಲಿಂಡರಿನೊಳಗಿನ ದ್ರವ ಆವಿಯಾಗಿ ಹೊರಬರಲು ಶಾಖ ಬೇಕು. ಒಂದೇ ಸಿಲಿಂಡರಿನಿಂದ ದೊಡ್ಡ ಒಲೆಗಳಿಗೆಲ್ಲ ಎಳೆದರೆ ಅದು ತಣ್ಣಗಾಗಿ ಮೈಮೇಲೆ ಮಂಜು ಕಟ್ಟುತ್ತದೆ, ಉರಿ ಇಳಿಯುತ್ತದೆ. ಹುಡುಗರು 'ಖಾಲಿ ಆಯ್ತು' ಎಂದು ಬದಲಿಸುತ್ತಾರೆ. ಹಾಗೆಂದು ಬಿಸಿನೀರಿನಲ್ಲಿ ಇಡುವುದು, ಬೆಂಕಿ ತೋರಿಸುವುದು ಪ್ರಾಣಕ್ಕೆ ಅಪಾಯ, ಎಂದೂ ಬೇಡ. ನಿಯಮದಂತೆ ಗ್ಯಾಸ್ ಬ್ಯಾಂಕ್ ಮಾಡಿಸಿ, ಒಂದೇ ಸಲಕ್ಕೆ ಹೆಚ್ಚು ಸಿಲಿಂಡರು ಜೋಡಿಸಿದರೆ ಒಂದೊಂದರ ಮೇಲೂ ಎಳೆತ ಕಡಿಮೆಯಾಗಿ ಕೊನೆಯವರೆಗೂ ಗ್ಯಾಸು ಬರುತ್ತದೆ.

ಒಲೆಯ ಮುಂದೆ

ಉರಿ ನೀಲಿಯಾಗಿರಬೇಕು. ಹಳದಿ ಉರಿ ಬಂದು ಪಾತ್ರೆ ಕಪ್ಪಾದರೆ ಗ್ಯಾಸು ಪೂರ್ತಿ ಉರಿಯುತ್ತಿಲ್ಲ ಎಂದು ಅರ್ಥ. ಬರ್ನರಿನ ತೂತು ಶುಚಿ ಮಾಡಿಸಿ. ಉರಿ ಪಾತ್ರೆಯ ತಳ ದಾಟಿ ಪಕ್ಕಕ್ಕೆ ಏರಿದರೆ ಅದು ಅಡಿಗೆಮನೆಯನ್ನು ಮಾತ್ರ ಕಾಯಿಸುತ್ತದೆ.

ಸಾಂಬಾರು ಒಮ್ಮೆ ಕುದಿ ಬಂದ ಮೇಲೆ ಎಷ್ಟು ಉರಿ ಕೊಟ್ಟರೂ ಅದರ ಬಿಸಿ ಹೆಚ್ಚುವುದಿಲ್ಲ, ನೀರು ಆವಿಯಾಗುತ್ತದೆ ಅಷ್ಟೆ. ಉರಿ ಇಳಿಸಿ ಮುಚ್ಚಳ ಹಾಕಬೇಕು. ಬೇಳೆ ನೆನೆಸಿ ಕುಕ್ಕರಿನಲ್ಲಿ ಬೇಯಿಸಬೇಕು. ಮಧ್ಯಾಹ್ನ ಮೂರರಿಂದ ಐದರವರೆಗೆ ಗಿರಾಕಿ ಕಡಿಮೆ. ಆಗ ದೊಡ್ಡ ದೋಸೆ ಕಾವಲಿ ಆರಿಸಿ ಚಿಕ್ಕದರಲ್ಲಿ ಕೆಲಸ ಸಾಗಿಸಬಹುದು.

ಇನ್ನು ಬಿಸಿನೀರು. ದೆಹಲಿಯ ಚಳಿಯಲ್ಲಿ 15 ಡಿಗ್ರಿ ನೀರನ್ನು 95ಕ್ಕೆ ಏರಿಸಬೇಕು. ಮಾಳಿಗೆಯ ಸೌರ ಹೀಟರಿನಿಂದ 55 ಡಿಗ್ರಿಗೆ ಬಂದ ನೀರನ್ನು ಒಲೆಗೆ ಇಟ್ಟರೆ ಅರ್ಧ ಕೆಲಸ ಸೂರ್ಯನೇ ಮಾಡಿರುತ್ತಾನೆ. ಬೆಂಗಳೂರಿನ ಮನೆಮನೆಯ ಮೇಲೂ ಇರುವ ಈ ಹೀಟರು ನಮ್ಮ ಹೋಟೆಲುಗಳ ಮೇಲೆ ಏಕಿರಬಾರದು? ಶಿರಡಿಯಲ್ಲಂತೂ 2009ರಿಂದ ಸೂರ್ಯನ ಶಾಖದಿಂದ ಹಬೆ ಮಾಡಿ ಭಕ್ತರಿಗೆ ಅಡಿಗೆ ಮಾಡುವ ವ್ಯವಸ್ಥೆ ತಂದರು.

ಫ್ಯಾನು, ದೀಪದ ಲೆಕ್ಕ

ಹಳೆಯ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ, ಬಿ.ಎಲ್.ಡಿ.ಸಿ. ಫ್ಯಾನು ಸುಮಾರು 30. ಇಪ್ಪತ್ತು ಫ್ಯಾನು ದಿನಕ್ಕೆ 14 ಗಂಟೆ ತಿರುಗಿದರೆ ತಿಂಗಳಿಗೆ 378 ಯೂನಿಟ್ ಉಳಿತಾಯ. ನಮ್ಮಲ್ಲಿ ಚಳಿಗಾಲದ ನಾಲ್ಕು ತಿಂಗಳು ಫ್ಯಾನು ಬೇಡ. ಆದ್ದರಿಂದ ಎಂಟು ತಿಂಗಳ ಲೆಕ್ಕ ಹಿಡಿಯೋಣ: 3,024 ಯೂನಿಟ್.

ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಬದಲು 20 ವ್ಯಾಟಿನ ಎಲ್.ಇ.ಡಿ. ಹಾಕಿದರೆ ಒಂದಕ್ಕೆ 30 ವ್ಯಾಟ್ ಉಳಿಯುತ್ತದೆ. 25 ಟ್ಯೂಬು, ದಿನಕ್ಕೆ 12 ಗಂಟೆ ಎಂದರೆ ವರ್ಷಕ್ಕೆ 3,240 ಯೂನಿಟ್.

ಎರಡೂ ಸೇರಿ 6,264 ಯೂನಿಟ್. ಯೂನಿಟ್ಟಿಗೆ 10 ರೂಪಾಯಿ ಎಂದು ಹಿಡಿದರೂ 62,640 ರೂಪಾಯಿ. ಫ್ಯಾನಿಗೆ 3,000, ಟ್ಯೂಬಿಗೆ 300 ರೂಪಾಯಿ ಎಂದರೆ ಒಟ್ಟು ಖರ್ಚು 67,500. ಹದಿಮೂರು ತಿಂಗಳಿನಷ್ಟರಲ್ಲಿ ಹಾಕಿದ ಬಂಡವಾಳ ಕೈಸೇರಿತು. ನಿಮ್ಮ ಊರಿನ ದರ ಹಾಕಿ ನೀವೇ ಲೆಕ್ಕ ಮಾಡಿ.

ಹೊಸ ಸಾಮಾನು ಕೊಳ್ಳುವಾಗ ಬಿ.ಇ.ಇ.ಯ ನಕ್ಷತ್ರದ ಚೀಟಿ ನೋಡಿ. 2006ರಲ್ಲಿ ಶುರುವಾದ ಈ ಚೀಟಿ 2023ರಿಂದ ಸೀಲಿಂಗ್ ಫ್ಯಾನಿಗೂ ಕಡ್ಡಾಯ. ಎ.ಸಿ. ಹಾಲ್ ಇದ್ದರೆ 24 ಡಿಗ್ರಿಗೆ ಇಡಿ. ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ ಆರರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಬಿ.ಇ.ಇ. ಹೇಳುತ್ತದೆ. ಫ್ರಿಜ್ಜಿನ ಬಾಗಿಲಿನ ರಬ್ಬರು ಸಡಿಲವಾಗಿದ್ದರೆ ಇಂದೇ ಬದಲಿಸಿ.

ಗಾಳಿಯ ಮಾತು

ಚಳಿಗಾಲದಲ್ಲಿ ದೆಹಲಿಯ ಗಾಳಿ ಹೇಗಿರುತ್ತದೆಂದು ದೇಶಕ್ಕೇ ಗೊತ್ತು. ಗಾಳಿ ಕೆಟ್ಟಾಗ ಜಾರಿಗೆ ಬರುವ 'ಗ್ರ್ಯಾಪ್' ನಿಯಮಗಳಲ್ಲಿ ಹೋಟೆಲಿನ ತಂದೂರಿಗೆ ಕಲ್ಲಿದ್ದಲು, ಸೌದೆ ನಿಷಿದ್ಧ. ಡೀಸೆಲ್ ಜನರೇಟರಿಗೂ ನಿರ್ಬಂಧವಿದೆ. ಬಳಕೆ ಕಡಿಮೆಯಿದ್ದವರಿಗೆ ಲೈನು ಹೋದರೂ ಇನ್ವರ್ಟರಿನಲ್ಲಿ ದೀಪ, ಫ್ಯಾನು ನಡೆಯುತ್ತದೆ. ಹೆಚ್ಚಿದ್ದವರು ಬಾಗಿಲು ಹಾಕಿ ಕೂರಬೇಕಾಗುತ್ತದೆ.

ಒಂದು ಕೆ.ಜಿ. ಗ್ಯಾಸು ಉರಿದರೆ ಸುಮಾರು 3 ಕೆ.ಜಿ. ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ನಮ್ಮ ದೇಶದಲ್ಲಿ ಸುಮಾರು 0.7 ಕೆ.ಜಿ. ಮೇಲಿನ ಫ್ಯಾನು, ಟ್ಯೂಬಿನ ಉಳಿತಾಯವೊಂದೇ ವರ್ಷಕ್ಕೆ ನಾಲ್ಕು ಟನ್ನು ದಾಟುತ್ತದೆ. ಒಲೆಯ ಮುಂದೆ ದಿನವಿಡೀ ನಿಲ್ಲುವ ನಮ್ಮ ಭಟ್ಟರಿಗೂ ಶಾಖ, ಹೊಗೆ ಕಡಿಮೆ. ಇದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲಾಗದಿದ್ದರೂ ಲಾಭವೇ.

ಇಷ್ಟೆಲ್ಲ ಮಾಲೀಕನೊಬ್ಬನಿಂದ ಆಗುವುದಿಲ್ಲ. ಒಲೆಯ ಕೀಲಿ ಇರುವುದು ಭಟ್ಟರ ಕೈಯಲ್ಲಿ, ಸ್ವಿಚ್ಚು ಇರುವುದು ಮಾಣಿಗಳ ಕೈಯಲ್ಲಿ. ತಿಂಗಳಿಗೆ ಎಷ್ಟು ಸಿಲಿಂಡರು, ಎಷ್ಟು ಯೂನಿಟ್ ಎಂದು ಅಡಿಗೆಮನೆಯ ಗೋಡೆಗೆ ಬರೆದು ಹಾಕಿ. ಉಳಿದದ್ದರಲ್ಲಿ ಅವರಿಗೂ ಒಂದು ಪಾಲು ಕೊಡಿ. ಆಗ ನೀವು ಗಲ್ಲಾದಲ್ಲಿ ಕೂತಿದ್ದರೂ ಒಲೆ ತಾನಾಗಿ ಸಣ್ಣಗಾಗುತ್ತದೆ. ಈ ತಿಂಗಳು ತಕ್ಕಡಿಯಿಂದಲೇ ಶುರು ಮಾಡೋಣ. ನಿಮ್ಮ ಸಿಲಿಂಡರಿನಲ್ಲಿ ಎಷ್ಟು ಉಳಿದಿತ್ತೆಂದು ಸಂಘದ ಮುಂದಿನ ಸಭೆಯಲ್ಲಿ ತಿಳಿಸಿರಿ.