ನೊಂದವರ ನಿಧಿಯೂ ಲೆಕ್ಕದ ಹೊಣೆಯೂ

ನೊಂದವರ ಹೆಸರಿನಲ್ಲಿ ಮಂಜೂರಾದ ಹಣವು ನೊಂದವರ ಕೈಯನ್ನು ಮುಟ್ಟುವವರೆಗೆ ಅದನ್ನು ಪರಿಹಾರವೆಂದು ಕರೆಯುವುದು ಉಚಿತವಲ್ಲ. ಅಲ್ಲಿಯವರೆಗೆ ಅದು ಖಜಾನೆಯ ಪುಸ್ತಕದಲ್ಲಿನ ಒಂದು ಬಾಬು ಮಾತ್ರ. ಈ ಮಾತನ್ನು ಅಲ್ಲಗಳೆಯತಕ್ಕವರು ಯಾರೂ ಇಲ್ಲ. ಆದರೂ ಮೈಸೂರು ಜಿಲ್ಲೆಯ ನೈಋತ್ಯದ ಅಂಚಿನಲ್ಲಿ, ಹೆಗ್ಗಡದೇವನಕೋಟೆಯ ಸೀಮೆಯ ಎನ್. ಬೇಗೂರಿನ ಸುತ್ತಲಿನ ಹಾಡಿಗಳಲ್ಲಿಯೂ, ಹುಣಸೂರು ಮತ್ತು ಪಿರಿಯಾಪಟ್ಟಣಗಳ ಕಾಡಂಚಿನಲ್ಲಿಯೂ ಇದು ಇನ್ನೂ ಆಚರಣೆಗೆ ಬರಬೇಕಾದ ಮಾತಾಗಿಯೇ ಉಳಿದಿರುವುದು. ಆದಕಾರಣ ಈ ವಿಷಯವನ್ನು ನಾಗರಿಕರ ಮತ್ತು ಅಧಿಕಾರಿವರ್ಗದವರ ಅವಗಾಹನೆಗೆ ತರುವುದು ಅವಶ್ಯವೆಂದು ಭಾವಿಸಿದ್ದೇವೆ.

ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. 1973ರಲ್ಲಿ ಬಂಡೀಪುರವು ಹುಲಿ ಸಂರಕ್ಷಣೆಯ ಯೋಜನೆಗೆ ಸೇರಿತು. 1974ರಲ್ಲಿ ಕಬಿನಿಯ ಅಣೆಕಟ್ಟು ಪೂರ್ಣವಾಗಿ, ನದಿಯ ಇಕ್ಕೆಲದ ಕಣಿವೆಯು ಹಿನ್ನೀರಿನಲ್ಲಿ ಮುಳುಗಿತು. 1988ರಲ್ಲಿ ನಾಗರಹೊಳೆಯು ರಾಷ್ಟ್ರೀಯ ಉದ್ಯಾನವಾಯಿತು. ಈ ಮೂರೂ ಕಾರ್ಯಗಳು ದೇಶಹಿತದ ದೃಷ್ಟಿಯಿಂದ ನಡೆದವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅವುಗಳ ಭಾರವು ಬಿದ್ದುದು ತಲೆತಲಾಂತರದಿಂದ ಆ ಕಾಡಿನಲ್ಲಿಯೇ ಬಾಳಿದ ಜೇನುಕುರುಬರು, ಕಾಡುಕುರುಬರು, ಯರವರು, ಸೋಲಿಗರು ಇವರ ಮೇಲೆ. ಖಾತೆ ಪಟ್ಟೆಗಳನ್ನು ಹೊಂದಿದ್ದ ರೈತನಿಗೆ ಕೈಯಲ್ಲಿ ತೋರಿಸಲು ಒಂದು ಕಾಗದವಾದರೂ ಇದ್ದಿತು. ಜೇನು, ಗೆಡ್ಡೆಗೆಣಸು, ಅಷ್ಟಿಷ್ಟು ರಾಗಿಯ ಹೊಲ ಇವುಗಳ ಮೇಲೆ ಜೀವಿಸುತ್ತಿದ್ದವನಿಗೆ ಅದೂ ಇರಲಿಲ್ಲ. ಬಹುಮಟ್ಟಿಗೆ ಬರಿಗೈಯಲ್ಲಿಯೇ ಹೊರಬಂದ ಈ ಜನರು ಕಾಡಂಚಿನ ಗುಡಿಸಲುಗಳಲ್ಲಿ ನೆಲೆಸಿ, ಕೊಡಗಿನ ಕಾಫಿ ತೋಟಗಳ ಕೂಲಿಯನ್ನು ನಂಬಿ ಬಾಳುವಂತಾಯಿತು.

ಇದು ಭಾವಾವೇಶದ ಮಾತಲ್ಲ. ಉಚ್ಚ ನ್ಯಾಯಾಲಯದ ಆದೇಶದಂತೆ ನೇಮಕವಾಗಿ, ಮೈಸೂರು ವಿಶ್ವವಿದ್ಯಾನಿಲಯದ ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರು ಅಧ್ಯಕ್ಷರಾಗಿದ್ದ ಸಮಿತಿಯು ನಾಗರಹೊಳೆಯಿಂದ ಸ್ಥಳಾಂತರಗೊಂಡವರ ಸ್ಥಿತಿಯನ್ನು ಪರಿಶೀಲಿಸಿ, 3,418 ಕುಟುಂಬಗಳಿಗೆ ಪುನರ್ವಸತಿಯು ಸಲ್ಲತಕ್ಕದ್ದೆಂದು 2014ರಲ್ಲಿ ವರದಿಮಾಡಿತು. ಅಸ್ಸಾದಿಯವರು 2025ರ ಜನವರಿಯಲ್ಲಿ ದಿವಂಗತರಾದರು. ಅವರ ವರದಿಯ ಪೂರ್ಣ ಆಚರಣೆಗಾಗಿ ಹಾಡಿಗಳವರು ಸಲ್ಲಿಸುತ್ತ ಬಂದ ಮನವಿಗಳು ಮಾತ್ರ ಅವರೊಡನೆ ಮುಗಿಯಲಿಲ್ಲ.

ಇಲ್ಲಿ ಮೊದಲು ನಿಷ್ಕರ್ಷೆಯಾಗಬೇಕಾದ ಅಂಶವೊಂದಿದೆ. ಈ ಜನರಿಗೆ ಸರ್ಕಾರದವರು ಕೊಡತಕ್ಕದ್ದು ದಾನವೋ, ಋಣವೋ? ದಾನವಾದರೆ ಕೊಡುವವನ ಇಷ್ಟದಂತೆ, ಕೊಡುವವನ ಕಾಲಕ್ಕೆ ಕೊಡಬಹುದು. ಪಡೆದವನು ಕೈಮುಗಿದು ಹೊರಡಬೇಕು. ಋಣವಾದರೆ ಕೇಳುವ ಅಧಿಕಾರವು ಪಡೆಯತಕ್ಕವನದು. ಪಾರ್ಲಿಮೆಂಟು 2006ರಲ್ಲಿ ಮಾಡಿದ ಅರಣ್ಯ ಹಕ್ಕುಗಳ ಕಾಯಿದೆಯು ಈ ಪ್ರಶ್ನೆಗೆ ಸಂಶಯವಿಲ್ಲದ ಉತ್ತರವನ್ನು ಕೊಟ್ಟಿದೆ. 2005ನೆಯ ಇಸವಿ ಡಿಸೆಂಬರ್ 13ಕ್ಕೆ ಮುಂಚೆ ನ್ಯಾಯವಾದ ಪುನರ್ವಸತಿಯನ್ನು ಪಡೆಯದೆ ಕಾಡಿನಿಂದ ಹೊರಹಾಕಲ್ಪಟ್ಟವರಿಗೆ ಬದಲಿ ಭೂಮಿಯೂ ಸೇರಿದಂತೆ ಪುನರ್ವಸತಿಯು ಹಕ್ಕೆಂದು ಅದರ ಮೂರನೆಯ ಪ್ರಕರಣವು ಸಾರುತ್ತದೆ. ವನ್ಯಮೃಗಗಳಿಗಾಗಿ ಯಾರನ್ನಾದರೂ ಸ್ಥಳಾಂತರಿಸಬೇಕಾದರೆ ಗ್ರಾಮಸಭೆಯ ತಿಳಿವಳಿಕೆಯುಳ್ಳ ಸಮ್ಮತಿಯನ್ನು ಲಿಖಿತವಾಗಿ ಪಡೆಯಬೇಕೆಂದೂ, ಹೊಸ ಸ್ಥಳದ ಸೌಕರ್ಯಗಳು ಪೂರ್ಣವಾಗುವವರೆಗೆ ಕದಲಿಸಕೂಡದೆಂದೂ ನಾಲ್ಕನೆಯ ಪ್ರಕರಣವು ವಿಧಿಸುತ್ತದೆ. ಹೀಗಿರುವಲ್ಲಿ ಇದನ್ನು ಉಪಕಾರವೆಂಬ ಭಾಷೆಯಲ್ಲಿ ಮಾತನಾಡುವುದೇ ತಪ್ಪು.

ಇನ್ನು ಹಣದ ವಿಚಾರ. ಹುಲಿಯ ಕಾಡಿನಿಂದ ಹೊರಬರುವ ಕುಟುಂಬವೊಂದಕ್ಕೆ ಮೊದಲು ಗೊತ್ತುಮಾಡಿದ್ದುದು 1 ಲಕ್ಷ ರೂಪಾಯಿ. 2008ರಲ್ಲಿ ಅದು 10 ಲಕ್ಷಕ್ಕೂ, 2021ರಲ್ಲಿ 15 ಲಕ್ಷಕ್ಕೂ ಏರಿತು. ಹೊರಬರುವವರಿಗೆ ಎರಡು ಮಾರ್ಗಗಳನ್ನು ಇಡಲಾಯಿತು. ಪೂರ್ಣ ಹಣವನ್ನು ಪಡೆದು ತನ್ನ ದಾರಿಯನ್ನು ತಾನೇ ನೋಡಿಕೊಳ್ಳುವುದು ಒಂದು. ಇಲಾಖೆಯವರೇ ನೆಲ ಮನೆಗಳನ್ನು ಒದಗಿಸುವುದು ಇನ್ನೊಂದು. 10 ಲಕ್ಷದ ಯೋಜನೆಯ ಎರಡನೆಯ ಮಾರ್ಗದಲ್ಲಿ ನೂರಕ್ಕೆ 35 ಪಾಲು ವ್ಯವಸಾಯದ ಭೂಮಿಗೆ, 30 ಪಾಲು ಹಕ್ಕುಗಳ ಇತ್ಯರ್ಥಕ್ಕೆ, 20 ಪಾಲು ನಿವೇಶನ ಮತ್ತು ಮನೆಗೆ, 10 ಪಾಲು ರಸ್ತೆ, ನೀರು, ದೀಪ, ಸ್ಮಶಾನ ಮೊದಲಾದ ಸಾಮೂಹಿಕ ಸೌಕರ್ಯಕ್ಕೆ, 5 ಪಾಲು ಪ್ರೋತ್ಸಾಹಧನಕ್ಕೆ ಎಂದು ವಿಭಾಗಿಸಲಾಗಿತ್ತು.

ಕಾಗದದ ಮೇಲೆ ಇದು ಅಂದವಾಗಿಯೇ ಇದೆ. ಆದರೆ ವಾಚಕರು ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಈ ಮೊತ್ತವು ಇನ್ನು ಮುಂದೆ ಹೊರಬರುವವನಿಗೆ ಗೊತ್ತಾದದ್ದು. ಎಪ್ಪತ್ತರ ದಶಕದಲ್ಲಿಯೇ ಹೊರಬಿದ್ದು ಎನ್. ಬೇಗೂರಿನಂತಹ ಊರುಗಳ ಅಂಚಿನಲ್ಲಿ ಮೊಮ್ಮಕ್ಕಳನ್ನು ಕಂಡ ವೃದ್ಧನು ಈ ಲೆಕ್ಕದ ಹೊರಗೆ ನಿಂತಿರುವನು. ಯಾರಿಗೆ ಅನ್ಯಾಯವು ಮೊದಲು ಆಯಿತೋ ಅವರೇ ಸಾಲಿನಲ್ಲಿ ಕಡೆಯವರು. ಎರಡನೆಯದಾಗಿ, 10 ಲಕ್ಷದಲ್ಲಿ ಇಂತಿಷ್ಟು ನೆಲಕ್ಕೆ, ಇಂತಿಷ್ಟು ರಸ್ತೆಗೆ ಎಂದು ಕಳೆದುಹೋದುದರ ಜಮಾಖರ್ಚು ಕಚೇರಿಯಲ್ಲಿರುತ್ತದೆಯೇ ಹೊರತು ಆ ಕುಟುಂಬದ ಕೈಯಲ್ಲಿರುವುದಿಲ್ಲ. ಯಾವನ ಹೆಸರಿನಲ್ಲಿ ಖರ್ಚು ಬಿದ್ದಿತೋ ಅವನಿಗೆ ಆ ಖರ್ಚಿನ ಪಟ್ಟಿಯನ್ನು ಓದಿ ಹೇಳುವ ಕರ್ತವ್ಯವನ್ನು ಯಾರ ಮೇಲೆಯೂ ಖಚಿತವಾಗಿ ಹೊರಿಸಿಲ್ಲ.

ಕೇಳದೆ ಯೋಜಿಸಿದ ಹಣವು ಎಂತಹ ಗತಿಯನ್ನು ಹೊಂದುವುದೆಂಬುದಕ್ಕೆ ಇದೇ ನಾಗರಹೊಳೆಯು ಜಗತ್ತಿಗೆ ನಿದರ್ಶನವಾಯಿತು. 1996ರಲ್ಲಿ ವಿಶ್ವಬ್ಯಾಂಕಿನವರು ಭಾರತದ ಏಳು ಅರಣ್ಯಗಳಿಗಾಗಿ ಪರಿಸರಾಭಿವೃದ್ಧಿಯ ಯೋಜನೆಯೊಂದನ್ನು ಮಂಜೂರುಮಾಡಿದರು. ನಾಗರಹೊಳೆಯು ಅವುಗಳಲ್ಲಿ ಒಂದು. ತಮ್ಮನ್ನು ವಿಚಾರಿಸದೆಯೇ ಯೋಜನೆಯು ಸಿದ್ಧವಾಯಿತೆಂದು ಅಲ್ಲಿನ ಬುಡಕಟ್ಟು ಜನರ ಸಂಘಟನೆಯು 1998ರಲ್ಲಿ ಆ ಬ್ಯಾಂಕಿನ ತನಿಖಾ ಮಂಡಲಿಗೆ ದೂರಿತ್ತಿತು. ಮಂಡಲಿಯು ದೂರಿನಲ್ಲಿ ಸತ್ವವನ್ನು ಕಂಡು ಪೂರ್ಣ ತನಿಖೆಗೆ ಶಿಫಾರಸುಮಾಡಿತು. ಬ್ಯಾಂಕಿನ ನಿರ್ದೇಶಕರು ಅದಕ್ಕೆ ಅನುಮತಿಯನ್ನು ಕೊಡಲಿಲ್ಲ. ಕಾಡಿನ ಮೂಲೆಯ ಹಾಡಿಯವರು ವಾಷಿಂಗ್ಟನ್ನಿನವರೆಗೆ ಲೆಕ್ಕ ಕೇಳಲು ಹೋಗಬೇಕಾಯಿತೆಂಬುದು ಅವರ ಧೈರ್ಯಕ್ಕೆ ಭೂಷಣ. ಅವರ ಪ್ರಶ್ನೆಯನ್ನು ಇಲ್ಲಿಯೇ ಆಲಿಸದಿದ್ದುದು ನಮಗೆ ಭೂಷಣವಲ್ಲ. ಈ ಅಸಮಾಧಾನವು ಹಳೆಯದಾಗಿ ಸತ್ತುಹೋಯಿತೆಂದು ತಿಳಿಯಬಾರದು. 2025ರ ಮೇ ತಿಂಗಳಿನಲ್ಲಿ 52 ಜೇನುಕುರುಬ ಕುಟುಂಬಗಳು ಕೊಡಗಿನ ಭಾಗದ ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಪೂರ್ವಿಕರ ನೆಲೆಗೆ ತಾವಾಗಿಯೇ ಮರಳಿದುದು ನಮ್ಮ ಕಣ್ಣೆದುರಿನ ಸಂಗತಿ.

ಹೆಸರುಗಳ ಪಟ್ಟಿಯನ್ನು ಸಿದ್ಧಪಡಿಸುವುದರಲ್ಲಿಯೂ ಅಷ್ಟೇ ಎಚ್ಚರವು ಬೇಕು. ನೆರೆಯ ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ನಡೆದುದನ್ನು ಇಲ್ಲಿ ಸ್ಮರಿಸಬಹುದು. ವೀರಪ್ಪನ್‌ನ ಶೋಧಕ್ಕೆಂದು ಹೊರಟ ಕರ್ನಾಟಕ ತಮಿಳುನಾಡುಗಳ ವಿಶೇಷ ಕಾರ್ಯಪಡೆಗಳಿಂದ ಸೋಲಿಗರೂ ಗ್ರಾಮಸ್ಥರೂ ಹಿಂಸೆಗೊಳಗಾದರೆಂಬ ದೂರುಗಳ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. 2007ರ ಜನವರಿಯಲ್ಲಿ ಆಯೋಗವು 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಆ ಆದೇಶವು ಸ್ತುತ್ಯವಾದುದು. ಆದರೆ ನೇಮಕಕ್ಕೂ ಆದೇಶಕ್ಕೂ ನಡುವೆ ಏಳು ವರ್ಷಗಳಿಗೂ ಮೀರಿದ ಕಾಲವು ಸಂದಿತು. ನೋವನ್ನು ಹೇಳಿಕೊಂಡವರೆಲ್ಲರೂ ಆ ಪಟ್ಟಿಯಲ್ಲಿ ಬರಲಿಲ್ಲ. ಅಕ್ಷರವಿಲ್ಲದವನು ತನ್ನ ಗಾಯಕ್ಕೆ ವೈದ್ಯರ ಪತ್ರವನ್ನೂ, ತನ್ನ ಗುಡಿಸಲಿಗೆ ಪಹಣಿಯನ್ನೂ ಎಲ್ಲಿಂದ ತಂದಾನು?

ಹೊರದೇಶಗಳ ಪದ್ಧತಿಯೊಂದನ್ನು ಗಮನಿಸೋಣ. ಚಿತ್ರಹಿಂಸೆಗೆ ಒಳಗಾದವರ ನೆರವಿಗಾಗಿ ವಿಶ್ವಸಂಸ್ಥೆಯ ಮಹಾಸಭೆಯು 1981ರಲ್ಲಿ ಸ್ವಯಂಪ್ರೇರಿತ ನಿಧಿಯೊಂದನ್ನು ಸ್ಥಾಪಿಸಿತು. ದೇಶಗಳೂ ಖಾಸಗಿಯವರೂ ಇಚ್ಛೆಯಿಂದ ಕೊಟ್ಟ ಹಣವೇ ಅದರ ಬಂಡವಾಳ. ಐವರು ಧರ್ಮದರ್ಶಿಗಳ ಮಂಡಲಿಯೊಂದು ಅದರ ವಿನಿಯೋಗದ ವಿಷಯದಲ್ಲಿ ಸಲಹೆಕೊಡುತ್ತದೆ. ವೈದ್ಯೋಪಚಾರ, ಕಾನೂನಿನ ನೆರವು, ಮನಸ್ಸಿನ ಶುಶ್ರೂಷೆ ಮೊದಲಾದುವನ್ನು ನೊಂದವರಿಗೆ ನೇರವಾಗಿ ಒದಗಿಸುವ ಸಂಸ್ಥೆಗಳಿಗೆ ಹಣವು ಸಲ್ಲುತ್ತದೆ. ಹಣದ ಮೂಲವು ಯಾವುದೇ ಆಗಲಿ, ಅದರ ಯೋಗ್ಯತೆಯನ್ನು ನೊಂದವನಿಗೆ ತಲಪಿದ ಸಹಾಯದಿಂದಲೇ ಅಳೆಯಬೇಕೆಂಬ ತತ್ತ್ವವು ಅಲ್ಲಿಂದ ನಾವು ಗ್ರಹಿಸತಕ್ಕದ್ದು.

ಅಧಿಕಾರಿಗಳ ಕಡೆಯಿಂದ ಬರುವ ಒಂದು ಆಕ್ಷೇಪಣೆಯನ್ನು ನಾವು ತಳ್ಳಿಹಾಕುವುದಿಲ್ಲ. ಹಣವನ್ನು ಒಟ್ಟಾಗಿ ಕೈಗೆ ಕೊಟ್ಟರೆ ಅದು ಹೆಂಡದಂಗಡಿಗೂ ಲೇವಾದೇವಿಯವನಿಗೂ ಪಾಲಾಗುವುದೆಂಬುದೇ ಆ ಆಕ್ಷೇಪಣೆ. ಅದರಲ್ಲಿ ಸತ್ಯಾಂಶವಿದೆ. ಪೂರ್ಣಹಣದ ಮಾರ್ಗವನ್ನು ಹಿಡಿದವನು ಭೂಮಿಯನ್ನು ಕೊಂಡ ಆಧಾರವನ್ನು ತೋರಿಸಿದ ಮೇಲೆಯೇ ಜಿಲ್ಲಾಡಳಿತದ ಮೂಲಕ ಹಣವು ಸಲ್ಲಬೇಕೆಂಬ ನಿಬಂಧನೆಯು ಈ ಭಯದಿಂದಲೇ ಹುಟ್ಟಿತು. ಅದು ವಿವೇಕವೇ ಸರಿ. ಆದರೆ ಕಾವಲುಗಾರನು ಒಡೆಯನಲ್ಲ. ಅಪ್ರಾಪ್ತವಯಸ್ಕನ ಆಸ್ತಿಯನ್ನು ನೋಡಿಕೊಳ್ಳುವ ಪೋಷಕನೂ ನ್ಯಾಯಾಲಯಕ್ಕೆ ಲೆಕ್ಕವನ್ನು ಒಪ್ಪಿಸಬೇಕು. ಪ್ರಾಪ್ತವಯಸ್ಕರ, ಮತದಾರರ ಹಣವನ್ನು ಕಾಯುವವರಿಗೆ ಅದಕ್ಕಿಂತ ಕಡಿಮೆಯ ಹೊಣೆಯು ಹೇಗಾದೀತು? ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯು ನಮ್ಮ ಕಚೇರಿಗಳ ಮೆಟ್ಟಿಲಿನ ಮೇಲೆ ಸುಳ್ಳಾಗಬೇಕಾಗಿದೆ.

ಆದುದರಿಂದ ಕೆಲವು ಸೂಚನೆಗಳನ್ನು ಮಾಡಲು ಅಪೇಕ್ಷಿಸುತ್ತೇವೆ. ಅರ್ಹರ ಪಟ್ಟಿಯನ್ನು ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿದರೆ ಸಾಲದು. ಪ್ರತಿಯೊಂದು ಹಾಡಿಯಲ್ಲಿಯೂ ಯಜಮಾನರ, ಹೆಂಗಸರ ಸಮಕ್ಷದಲ್ಲಿ ಅದನ್ನು ಓದಿ, ಬಿಟ್ಟುಹೋದ ಹೆಸರುಗಳನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಕಾಗದವಿಲ್ಲದವರ ವಿಷಯದಲ್ಲಿ ಹಿರಿಯರ ಹೇಳಿಕೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಅರಣ್ಯ ಹಕ್ಕುಗಳ ನಿಯಮಗಳಲ್ಲಿಯೇ ಅವಕಾಶವಿರುವುದರಿಂದ, ಅದನ್ನು ಕೃಪಣತೆಯಿಲ್ಲದೆ ಬಳಸಬೇಕು. ಹಣವು ಪತಿಪತ್ನಿಯರಿಬ್ಬರ ಹೆಸರಿನಲ್ಲಿಯೂ ಜಮೆಯಾಗಬೇಕು. ಮಂಜೂರಾದ ಮೊತ್ತ, ಸಂದ ಮೊತ್ತ, ಉಳಿದ ಮೊತ್ತ, ಉಳಿದುದಕ್ಕೆ ಕಾರಣ ಇವಿಷ್ಟನ್ನು ತೋರಿಸುವ ಒಂದು ಚೀಟಿಯು ಪ್ರತಿಯೊಂದು ಕುಟುಂಬದ ಕೈಯಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಪೂರ್ಣ ಜಮಾಖರ್ಚನ್ನು ಓದಬೇಕು. ಉದ್ಯೋಗ ಖಾತರಿಗೆಂದು 2005ರಲ್ಲಿ ಆದ ಕಾಯಿದೆಯ 17ನೆಯ ಪ್ರಕರಣವು ಕೆರೆ ಕಾಲುವೆಗಳ ಖರ್ಚನ್ನು ಗ್ರಾಮಸಭೆಯೇ ಪರಿಶೀಲಿಸಬೇಕೆಂದು ವಿಧಿಸಿತು. ಮಣ್ಣು ಹೊತ್ತ ಲೆಕ್ಕಕ್ಕೆ ಸಲ್ಲುವ ಪದ್ಧತಿಯು ಮನೆಮಠ ಕಳೆದುಕೊಂಡವರ ಲೆಕ್ಕಕ್ಕೆ ಸಲ್ಲದೆಂಬುದರಲ್ಲಿ ಯಾವ ನ್ಯಾಯವಿದೆ?

ಇದು ಅಸಾಧ್ಯವಾದ ಕಾರ್ಯವಲ್ಲ. 1894ರಲ್ಲಿ ನೇಟಾಲಿನ ಭಾರತೀಯರ ಕಾಂಗ್ರೆಸ್ಸನ್ನು ಸ್ಥಾಪಿಸಿದಾಗ ಮಹಾತ್ಮಾ ಗಾಂಧಿಯವರು ಅಲ್ಪ ಮೊತ್ತಕ್ಕೂ ರಸೀತಿಯನ್ನು ಕೊಟ್ಟು, ಸಾರ್ವಜನಿಕರ ಹಣದ ಲೆಕ್ಕವನ್ನು ಶುದ್ಧವಾಗಿಡುವುದು ಸತ್ಯಪಾಲನೆಯ ಅಂಗವೆಂದು ನಡೆದುಕೊಂಡರು. ಅಂದು ಕೂಲಿಕಾರರ ಕಾಸಿಗೆ ಸಂದ ಆ ಗೌರವವು ಸ್ವತಂತ್ರ ಭಾರತದ ಜೇನುಕುರುಬನ ರೂಪಾಯಿಗೂ ಸಲ್ಲಬೇಕು. ಜಿಲ್ಲೆಯ ಅಧಿಕಾರಿಗಳು ಎನ್. ಬೇಗೂರಿನ ಸುತ್ತಣ ಹಾಡಿಗಳಿಂದಲೇ ಇದನ್ನು ಆರಂಭಿಸಿ, ಮುಂದಿನ ಗ್ರಾಮಸಭೆಯಲ್ಲಿ ಮೊದಲ ಪಟ್ಟಿಯನ್ನು ಓದಿಸಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇವೆ. ಮೈಸೂರಿನ ವಿದ್ಯಾವಂತ ನಾಗರಿಕರೂ, ವಕೀಲರೂ ಆ ದಿನ ಅಲ್ಲಿ ಹಾಜರಿದ್ದು, ಓದಲು ಬಾರದವರಿಗೆ ಆ ಲೆಕ್ಕವನ್ನು ತಿಳಿಸಿಕೊಡುವ ಸೇವೆಯನ್ನು ಕೈಕೊಳ್ಳಲಿ.